ಪ್ರತಿ: ಲೈಬ್ರರಿ ಅಟ್ಟದಲ್ಲಿ ಸಂಜೆ ಹೆಜ್ಜೆ ಸದ್ದು, ಅನ್ನ ಬೇಯುವ ವಾಸನೆ (ಮಡಿಕೇರಿ)

ನಿಮ್ಮ ಲೈಬ್ರರಿ ಅಟ್ಟದಲ್ಲಿ ಸಂಜೆ ಹೆಜ್ಜೆ ಸದ್ದು ಮಾಡಿ ಅನ್ನದ ವಾಸನೆ ಬಿಡುವುದು ಪುನುಗು ಬೆಕ್ಕು (ರಾತ್ರಿ ಓಡಾಡುವ, ಮರ ಹತ್ತುವ ಕಾಡುಪ್ರಾಣಿ) ಇರಬೇಕು. ಸದ್ದೊಂದೇ ಆಗಿದ್ದರೆ ಇಲಿಯೋ, ಚಳಿಗೆ ಬಿಗಿಯುವ ಹಲಗೆಯೋ ಅನ್ನುತ್ತಿದ್ದೆ. ಆದರೆ ಗಂಧಸಾಲೆ ಅನ್ನುವ ಘಮಘಮಿಸುವ ಅಕ್ಕಿಯ ಅನ್ನ ಬೆಂದಂಥ ಆ ವಾಸನೆ ಅದರದ್ದೇ ಗುರುತು. ತೀರಿಹೋದ ಲೈಬ್ರೇರಿಯನ್ ಕತ್ತಲಾದ ಮೇಲೆ ಅಟ್ಟದಲ್ಲಿ ಅಡುಗೆ ಮಾಡುತ್ತಾರೆ ಅನ್ನುವ ನಿಮ್ಮ ಸೀನಿಯರ್‌ಗಳ ಕತೆ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. (ಕತೆ ಮಾತ್ರ ಸೊಗಸಾಗಿದೆ, ಹೇಳಿದವರ ಮಾತಲ್ಲೇ ಬರೆದಿಡಿ.)

ಮೊದಲು ಹಗಲಲ್ಲಿ ಅಟೆಂಡರ್ ಜೊತೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ಈಗ ಕಾಫಿ ಹಣ್ಣಿನ ಕಾಲ, ಪುನುಗು ಹಣ್ಣು ತಿಂದರೂ ಬೀಜ ಅರಗದೆ ಹೊರಬರುತ್ತದೆ. ಹಿಕ್ಕೆಯಲ್ಲಿ ಕಾಫಿ ಬೀಜ ಇಡಿಯಾಗಿ ಕಂಡರೆ ಅನುಮಾನವೇ ಬೇಡ. ಕಾಣದಿದ್ದರೆ ಹಲಗೆ ಮೇಲೆ ತೆಳ್ಳಗೆ ಬೂದಿ ಹರಡಿ ಬನ್ನಿ. ಬೆಳಿಗ್ಗೆ ಹೆಜ್ಜೆಯಲ್ಲಿ ಐದು ಬೆರಳು ಮೂಡಿದ್ದರೆ ಪುನುಗು, ನಾಲ್ಕಿದ್ದರೆ ಮಾಮೂಲಿ ಬೆಕ್ಕು. ಸದ್ದು ಬಂದೂ ಬೂದಿ ಹಾಗೇ ಇದ್ದರೆ ಹಲಗೆಯದ್ದೇ ಕಾಟ.

ಬೋನು, ವಿಷ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಾಡಿಗೆ ತಾಗುವ ಕೊಂಬೆ ಕಡಿಸಿ. ಮರಿಗಳಿಲ್ಲ ಅಂತ ಖಚಿತವಾದ ಮೇಲೆ, ರಾತ್ರಿ ಅದು ಮೇಯಲು ಹೊರಗೆ ಹೋದ ಹೊತ್ತು ನೋಡಿ ಹೆಂಚಿನ ಸಂದಿಗೆ ತಂತಿ ಬಲೆ ಹೊಡೆಸಿ. ಮರಿಯಿದ್ದರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.