ಏರ್ ರೈಫಲ್‌ಗೆ ಸ್ಕೋಪ್ (ಗುರಿ ನೋಡೋ ದುರ್ಬೀನು) ಕೂರಿಸಿದೆ, ಎಷ್ಟು ತಿದ್ದಿದರೂ ಗುರಿ ನಿಲ್ಲುತ್ತಿಲ್ಲ. ಏನು ಮಾಡಲಿ?

ಮಂಡ್ಯದ ಹತ್ತಿರ ತೋಟದಲ್ಲಿ ಅಭ್ಯಾಸ ಮಾಡ್ತೀನಿ, ನಳಿಗೆ ಮಡಚಿ ಲೋಡ್ ಮಾಡೋ ಸ್ಪ್ರಿಂಗ್ ರೈಫಲ್, ಪ್ರತಿ ಹೊಡೆತದ ಮೇಲೂ ಸ್ಕೋಪಿನ ಟರೆಟ್ (ಗುರಿ ತಿದ್ದೋ ನಾಬ್) ತಿರುಗಿಸ್ತಿದೀನಿ ಅಂತ ಬರೆದಿದ್ದೀರಿ. ಮೊದಲು ಆ ತಿರುಗಿಸೋದನ್ನ ನಿಲ್ಲಿಸಿ. ಒಂದೇ ಪೆಲೆಟ್ (ಏರ್ ರೈಫಲ್ಲಿನ ಚಿಕ್ಕ ಗುಂಡು) ನೋಡಿ ತಿದ್ದಿದರೆ ತಪ್ಪು ಸ್ಕೋಪಿನದೋ ಕೈಯದೋ ಗೊತ್ತೇ ಆಗಲ್ಲ.

ಮೈಸೂರಲ್ಲಿ ನಾನು ಕಲಿಯೋವಾಗ ಎರಡು ಡಬ್ಬಿ ಪೆಲೆಟ್ ಹೀಗೇ ಖಾಲಿ ಮಾಡಿದೆ. ಆಮೇಲೆ ನೋಡಿದರೆ ಸ್ಕೋಪ್ ತನ್ನ ಮೌಂಟ್ (ಅದನ್ನ ರೈಫಲ್ಲಿಗೆ ಹಿಡಿದಿಡೋ ಕ್ಲಾಂಪು) ಸಮೇತ ಹಿಂದಕ್ಕೆ ಜಾರಿತ್ತು. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತೆ: ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ. ಆ ಎರಡನೇ ಏಟಿಗೇ ಸ್ಕೋಪ್ ಹಿಂದೆ ಸರಿಯೋದು. ಮಾಮೂಲಿ ಬಂದೂಕಿನ ಸ್ಕೋಪ್ ಹಾಕಿದ್ದರೆ ಒಳಗೆ ಗುರಿ ತೋರಿಸೋ ಅಡ್ಡಗೆರೆ, ನಿಲುಗೆರೆಗಳೇ ಸಡಿಲ ಆಗಬಹುದು. ಆದ್ದರಿಂದ ಸ್ಪ್ರಿಂಗ್ ರೈಫಲ್ಲಿನ ಏಟು ತಡೆಯುವಂಥ ಸ್ಕೋಪೇ ಬೇಕು. ರೈಫಲ್ ಮೇಲೆ ಚಿಕ್ಕ ತೂತಿದ್ದರೆ ಮೌಂಟಿನ ಸ್ಟಾಪ್ ಪಿನ್ (ಜಾರದ ಹಾಗೆ ತಡೆಯೋ ಮೊಳೆ) ಅದರಲ್ಲಿ ಕೂರಲಿ. ಸ್ಕೋಪ್ ಸುತ್ತಿದ ರಿಂಗಿನ ಸ್ಕ್ರೂಗಳನ್ನ, ಒಂದಾದ ಮೇಲೆ ಅದರ ಎದುರು ಮೂಲೆಯದು ಅಂತ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮರದ ಹಿಡಿಯ ಸ್ಕ್ರೂಗಳನ್ನ ಮರೀಬೇಡಿ, ಅವೂ ಸಡಿಲ ಆಗ್ತವೆ.

ಬಿಗಿ ಮಾಡೋ ಮುಂಚೆ ದಾರಕ್ಕೆ ಕಲ್ಲು ಕಟ್ಟಿ ಮಾವಿನ ಕೊಂಬೆಯಿಂದ ಇಳಿಬಿಡಿ. ರೈಫಲ್ ನೆಟ್ಟಗಿಟ್ಟು, ಸ್ಕೋಪಿನ ನಿಲುಗೆರೆ ಆ ದಾರದ ಮೇಲೆ ಕೂರುವ ಹಾಗೆ ಹೊಂದಿಸಿ.

ಇನ್ನು ಹಿಡಿತ. ನನ್ನ ಪ್ರಕಾರ ಅರ್ಧ ತೊಂದರೆ ಇಲ್ಲೇ ಇರೋದು. ರೈಫಲ್ಲನ್ನ ಗಟ್ಟಿ ಹಲಗೆ ಮೇಲೆ ಇಟ್ಟರೆ ಅದು ಚಿಮ್ಮುತ್ತೆ, ಪೆಲೆಟ್ ಬೇರೆಲ್ಲೋ ಬೀಳುತ್ತೆ. ಎಡ ಅಂಗೈ ಚಾಚಿ, ಅದರ ಮೇಲೆ ರೈಫಲ್ ಸುಮ್ಮನೆ ಮಲಗಲಿ, ಬೆರಳು ಬಿಗಿಯಬೇಡಿ. ಅಂಗೈ ಪ್ರತಿ ಸಲವೂ ಅದೇ ಜಾಗದಲ್ಲಿರಲಿ.

ಈಗ ಗಾಳಿ ಇಲ್ಲದ ಬೆಳಗ್ಗೆ, ಹಿಂದೆ ಮಣ್ಣಿನ ದಿಬ್ಬ ಇರೋ ಕಡೆ, 10 ಮೀಟರ್‌ನಿಂದ ಐದು ಪೆಲೆಟ್ ಹೊಡೀರಿ. ಐದರ ಗುಂಪಿನ ನಡು ಎಲ್ಲಿದೆ ನೋಡಿ, ಅಲ್ಲಿಂದ ತಿದ್ದಿ. ಹೆಚ್ಚಿನ ಸ್ಕೋಪ್‌ಗಳಲ್ಲಿ ಟರೆಟ್ಟಿನ ಒಂದು ಕ್ಲಿಕ್ಕಿಗೆ ಗುರಿ 100 ಗಜದಲ್ಲಿ ಕಾಲು ಇಂಚು ಸರಿಯುತ್ತೆ. 10 ಮೀಟರ್‌ನಲ್ಲಿ ಅದು ಬರೀ 0.7 ಮಿಲಿಮೀಟರ್, ಅಂದರೆ 1 ಸೆಂಟಿಮೀಟರ್‌ಗೆ ಸುಮಾರು 14 ಕ್ಲಿಕ್ ಬೇಕು. ಎರಡು ಮೂರು ಕ್ಲಿಕ್ ತಿರುಗಿಸಿ ಸ್ಕೋಪ್ ಕೆಟ್ಟಿದೆ ಅಂದ್ಕೊಂಡೋರನ್ನ ನಾನು ಬಹಳ ನೋಡಿದೀನಿ. ಮೇಲಕ್ಕೆ ತಿರುಗಿಸಿ ತಿರುಗಿಸಿ ಟರೆಟ್ ಮುಗಿದುಹೋದರೂ ಪೆಲೆಟ್ ಕೆಳಗೇ ಬೀಳ್ತಿದ್ದರೆ ನಳಿಗೆ ಸ್ವಲ್ಪ ಕೆಳಕ್ಕೆ ವಾಲಿದೆ ಅಂತ. ಮಡಚೋ ರೈಫಲ್ಲುಗಳಲ್ಲಿ ಇದು ಮಾಮೂಲಿ. ಆಗ ಸ್ಕೋಪಿನ ಹಿಂಬದಿ ತುಸು ಏರಲಿ ಅಂತ ಹಿಂದಿನ ರಿಂಗಿನ ಒಳಗೆ, ಸ್ಕೋಪಿನ ಅಡಿಗೆ, ಹಳೇ ಫೋಟೋ ಫಿಲ್ಮಿನ ಒಂದು ತುಂಡು ಇಡಿ.

ತೋಟಕ್ಕೆ ನವಿಲು, ಮೊಲ ಬರ್ತವೆ. ಅವುಗಳ ಕಡೆ ರೈಫಲ್ ತಿರುಗಿಸಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನ ಬೇಟೆಯಾಡೋದು ಅಪರಾಧ. ರಟ್ಟಿನ ಮೇಲೆ ಬರೆದ ವೃತ್ತ ಸಾಕು.

ಐದೂ ಪೆಲೆಟ್ ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಕೂತ ಮೇಲೆ 20 ಮೀಟರ್‌ಗೆ ಹೋಗಿ. ಅಲ್ಲಿವರೆಗೆ ಪೆಲೆಟ್ ಕಂಪನಿ ಬದಲಿಸಬೇಡಿ, ಬದಲಿಸಿದರೆ ಮತ್ತೆ ಮೊದಲಿಂದ ತಿದ್ದಬೇಕಾಗುತ್ತೆ.