ತಪ್ಪಾದ ಲೆಕ್ಕವನ್ನು ಮೊಮ್ಮಗಳ ಬಾಯಲ್ಲೇ ಕೇಳಿ

ಪಾಂಡವಪುರ ತಾಲ್ಲೂಕಿನ ಹಿರಿಯ ಓದುಗರೊಬ್ಬರ ಪತ್ರದ ಸಾರ ಇದು: ಮೊಮ್ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಒಂದನೇ, ಎರಡನೇ ತರಗತಿಯ ಚಿಕ್ಕ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಕೂರಿಸಿ ಕಾರ್ಡು ಕೊಡುತ್ತಾರೆ. ಪಕ್ಕದ ಮನೆಯ ಹುಡುಗ ಕಾನ್ವೆಂಟಿನಲ್ಲಿ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುತ್ತಾನೆ. ಇವಳು 52ರಲ್ಲಿ 27 ಕಳೆದರೆ 35 ಎನ್ನುತ್ತಾಳೆ, ಓದುವಾಗ ಒತ್ತಕ್ಷರ ನುಂಗುತ್ತಾಳೆ. ಟ್ಯೂಷನ್‌ಗೆ ಹಾಕಬೇಕೋ, ಶಾಲೆಯನ್ನೇ ಬದಲಿಸಬೇಕೋ?

ಹಿರಿಯರೇ,

ಎರಡೂ ಬೇಡ, ಈಗಲೇ ಬೇಡ. ನಿಮ್ಮ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ 35. ನಿಮ್ಮ ಮೊಮ್ಮಗಳು ಬಾಯಿಗೆ ಬಂದ ಉತ್ತರ ಹೇಳಿಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ ಅನಿಸಿದೆ, ಅದಕ್ಕೆ ಏಳರಲ್ಲಿ ಎರಡು ಕಳೆದು ಐದು ಬರೆದಿದ್ದಾಳೆ. ಐದರಲ್ಲಿ ಎರಡು ಹೋದರೆ ಮೂರು. ಉತ್ತರ 35. 'ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು' ಎಂದು ಎರಡನೇ ತರಗತಿಯಲ್ಲಿ ಕಲಿತದ್ದನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ಹತ್ತರ ಮನೆಯಿಂದ ಬಿಡಿಗೆ ಒಂದನ್ನು ತರಬಹುದು ಎನ್ನುವುದು ಮಾತ್ರ ಇನ್ನೂ ಅವಳ ಕೈಗೆ ಸಿಕ್ಕಿಲ್ಲ. ಇಂಥ ಮಗುವಿಗೆ ಅದೇ ಬಗೆಯ ಐವತ್ತು ಲೆಕ್ಕ ಕೊಟ್ಟರೆ ಐವತ್ತನ್ನೂ ಹೀಗೇ ತಪ್ಪು ಮಾಡುತ್ತದೆ, ತಪ್ಪೇ ರೂಢಿಯಾಗುತ್ತದೆ. ಟ್ಯೂಷನ್ ಬೇಡ ಎಂದು ನಾವು ಹೇಳುವುದು ಅದಕ್ಕೇ.

ಮನೆಯಲ್ಲೇ ಸರಿಪಡಿಸಬಹುದು. ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದಕ್ಕೆ ಮುರಿದು, ಹತ್ತು ಹತ್ತು ಎಣಿಸಿ ದಾರ ಕಟ್ಟಿ. ಕಟ್ಟುಗಳನ್ನು ಅವಳೇ ಕಟ್ಟಲಿ, ನೀವು ಕಟ್ಟಿಕೊಟ್ಟರೆ ಕಟ್ಟಿನೊಳಗೆ ಹತ್ತಿದೆ ಎನ್ನುವುದು ಅವಳಿಗೆ ನಂಬಿಕೆಯಾಗುವುದಿಲ್ಲ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಡಿ. 'ಇಪ್ಪತ್ತೇಳು ಕೊಡವ್ವ, ಮೊದಲು ಬಿಡಿ ಏಳು ಕೊಡು' ಅನ್ನಿ. ಬಿಡಿ ಇರುವುದು ಎರಡೇ. ಇಲ್ಲಿ ನೀವು ಸುಮ್ಮನಿರಬೇಕು. ಸ್ವಲ್ಪ ಹೊತ್ತು ನೋಡಿ ಒಂದು ಕಟ್ಟು ಬಿಚ್ಚುತ್ತಾಳೆ. ಈಗ ಕಟ್ಟು ನಾಲ್ಕು, ಬಿಡಿ ಹನ್ನೆರಡು. ಏಳು ಕೊಟ್ಟಳು, ಐದು ಉಳಿಯಿತು. ಎರಡು ಕಟ್ಟು ಕೊಟ್ಟಳು, ಎರಡು ಉಳಿಯಿತು. 25. ಎರಡು ಮೂರು ದಿನ ಕಡ್ಡಿಯಲ್ಲೇ ಮಾಡಲಿ, ಆಮೇಲೆ ಒಂದೊಂದು ಹೆಜ್ಜೆ ಮಾಡಿದಾಗಲೂ ಅದನ್ನೇ ಸ್ಲೇಟಿನ ಮೇಲೆ ಬರೆಯಲಿ: ಕಟ್ಟು ಬಿಚ್ಚಿದೊಡನೆ 5 ಹೊಡೆದು 4, ಬಿಡಿಯ 2 ಹೊಡೆದು 12. ಬರವಣಿಗೆ ಮೊದಲು, ಕಡ್ಡಿ ಆಮೇಲೆ ಎಂದಾದರೆ ಕಡ್ಡಿ ಬರೀ ಆಟಿಕೆ.

ಇದು ಬಂದ ಮೇಲೆ ನಡುವೆ ಸೊನ್ನೆ ಇರುವ ಲೆಕ್ಕ ಕೊಡಿ. ಮೂರನೇ ತರಗತಿಯಲ್ಲಿ ಮಕ್ಕಳು ಹೆಚ್ಚು ಎಡವುವುದು ಅಲ್ಲಿ. 304ರಲ್ಲಿ 128 ಕಳೆಯಬೇಕು. ಬಿಡಿಗೆ ತರಲು ಹೋದರೆ ಹತ್ತರ ಮನೆ ಖಾಲಿ. ಇಲ್ಲಿ ಕಡ್ಡಿಗಿಂತ ದುಡ್ಡು ಸುಲಭ. ನೂರರ ಮೂರು ನೋಟು, ಒಂದು ರೂಪಾಯಿಯ ನಾಲ್ಕು ನಾಣ್ಯ. ಒಂದು ನೂರನ್ನು ಹತ್ತರ ಹತ್ತು ನೋಟಿಗೆ ಚಿಲ್ಲರೆ ಮಾಡಿಸಿ, ಅದರಲ್ಲಿ ಒಂದು ಹತ್ತನ್ನು ಹತ್ತು ನಾಣ್ಯಕ್ಕೆ ಮಾಡಿಸಿದರೆ ನೂರು 2, ಹತ್ತು 9, ಬಿಡಿ 14. ಉತ್ತರ 176. ಎರಡು ಸಲ ಚಿಲ್ಲರೆ ಮಾಡಿದ್ದು ಕಣ್ಣಿಗೆ ಕಂಡ ಮೇಲೆ ಸೊನ್ನೆ ಹೇಗೆ 9 ಆಯಿತು ಎಂದು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಜೊತೆಗೆ ಒಂದು ಪರೀಕ್ಷೆ ಮಾಡಿ. 'ಮುನ್ನೂರ ನಾಲ್ಕು' ಬರಿ ಅನ್ನಿ. 3004 ಎಂದು ಬರೆದರೆ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾಳೆ, ಮುನ್ನೂರು ಮತ್ತು ನಾಲ್ಕು. ರಟ್ಟಿನ ಮೇಲೆ 300 ಎಂದು ಉದ್ದಕ್ಕೆ ಬರೆದು, ಚಿಕ್ಕ ರಟ್ಟಿನ ಮೇಲೆ 4 ಬರೆದು, ಕೊನೆಯ ಸೊನ್ನೆಯ ಮೇಲೆ ಅದನ್ನು ಇಡಿಸಿ. ಸ್ಥಾನಬೆಲೆ ಗಟ್ಟಿಯಾಗದೆ ಸಂಕಲನವೂ ನಿಲ್ಲುವುದಿಲ್ಲ, ವ್ಯವಕಲನವೂ ನಿಲ್ಲುವುದಿಲ್ಲ.

ಇನ್ನು ಒಂದೇ ಕೋಣೆಯ ವಿಚಾರ. ಅದು ನಲಿ-ಕಲಿ ಕೋಣೆ. ನಿಮ್ಮ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ಪದ್ಧತಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕಟ್ಟಿದ್ದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ಶಿಕ್ಷಕರ ಕೊರತೆಗೆ ಮಾಡಿಕೊಂಡ ಏರ್ಪಾಡು ಮಾತ್ರವಲ್ಲ, ಪದ್ಧತಿಯೇ ಹಾಗೆ. ಕಲಿಯಬೇಕಾದ್ದನ್ನೆಲ್ಲ ಮೈಲಿಗಲ್ಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿ ಹಾಕಿರುತ್ತಾರೆ. ಮಗು ಏಣಿ ನೋಡಿ ತನ್ನ ಕಾರ್ಡು ತಾನೇ ತೆಗೆದುಕೊಂಡು ಆ ಕಾರ್ಡಿನ ತಟ್ಟೆಗೆ, ಎಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಹೊಸದನ್ನು ಕಲಿಯುವಾಗ ಪೂರ್ತಿ ಟೀಚರ್ ನೆರವಿನ ತಟ್ಟೆ, ಆಮೇಲೆ ಅರೆ ನೆರವಿನದು, ಆಮೇಲೆ ಗೆಳೆಯರ ನೆರವಿನದು, ಕೊನೆಗೆ ಸ್ವಂತ ಕಲಿಕೆ. ಜ್ವರ ಬಂದು ವಾರ ಶಾಲೆ ತಪ್ಪಿದ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಕಬ್ಬು ಕಡಿಯಲು ವಲಸೆ ಬರುವವರ ಮಕ್ಕಳಿರುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಪದ್ಧತಿ ಕೆಡುವ ಬಗೆಯೂ ಇದೆ. ಟೀಚರ್ ದಾಖಲೆ ಬರೆಯುವುದರಲ್ಲಿ ಮುಳುಗಿದರೆ ಮಗು ಪಕ್ಕದವರ ಕಾರ್ಡು ನಕಲು ಮಾಡಿ ಏಣಿ ಹತ್ತಿಬಿಡುತ್ತದೆ. ಅದಕ್ಕೇ ಶಾಲೆಗೆ ಹೋದಾಗ 'ಹೇಗೆ ಓದ್ತಾಳೆ' ಎಂದು ಕೇಳಬೇಡಿ, 'ಪರವಾಗಿಲ್ಲ' ಎಂಬ ಉತ್ತರ ಬಂದು ಮುಗಿಯುತ್ತದೆ. ಕನ್ನಡದಲ್ಲಿ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವುದು, ಅಲ್ಲಿ ಎಷ್ಟು ದಿನದಿಂದ ಇದ್ದಾಳೆ ಎಂದು ಕೇಳಿ. ಪ್ರಗತಿನೋಟ ತೋರಿಸಿ ಎನ್ನಿ. ಒಂದೇ ಕಡೆ ವಾರಗಟ್ಟಲೆ ನಿಂತಿದ್ದರೆ ಅಲ್ಲಿ ನೆರವು ಬೇಕು.

ಈ ವರ್ಷವೇ ಇದೆಲ್ಲ ನೋಡಬೇಕು. ನಾಲ್ಕನೇ ತರಗತಿಗೆ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ. ಓದುವುದನ್ನು ಕಲಿಯುವ ಕಾಲ ಮುಗಿದು, ಓದಿ ಕಲಿಯುವ ಕಾಲ ಶುರು. ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕೂಡ ಮೂರನೇ ತರಗತಿಯ ಕೊನೆಯನ್ನೇ ಗಡಿ ಮಾಡಿಕೊಂಡಿದೆ: ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು, 9999ರವರೆಗೆ ಸಂಖ್ಯೆ ಓದಿ ಬರೆಯಬೇಕು, ಸರಳ ಗುಣಾಕಾರದ ಲೆಕ್ಕ ಬಿಡಿಸಬೇಕು. ಮನೆಯಲ್ಲಿ ಗಡಿಯಾರ ಹಿಡಿದು ಪದ ಎಣಿಸಬೇಡಿ. 'ತೋಟದಲ್ಲಿದ್ದವರಿಗೆಲ್ಲ' ಎನ್ನುವುದು ನಮಗೆ ಒಂದೇ ಪದ, ಇಂಥ ಉದ್ದ ಪದಗಳಿರುವ ಕನ್ನಡದಲ್ಲಿ ಎಣಿಕೆ ದಾರಿ ತಪ್ಪಿಸುತ್ತದೆ. ವೇಗಕ್ಕೆ ಹೆದರಿದ ಮಗು ಅಕ್ಷರ ನುಂಗುವುದನ್ನೇ ಕಲಿಯುತ್ತದೆ.

ಒತ್ತಕ್ಷರ ನುಂಗುತ್ತಾಳೆ ಎಂದಿರಿ. ಯಾವ ಒತ್ತು ಎಂದು ಗುರುತು ಹಾಕಿಕೊಳ್ಳಿ. ಕ, ಗ, ಟ, ಪ ಮೊದಲಾದವುಗಳ ಒತ್ತು ಹೆಚ್ಚುಕಡಿಮೆ ಅದೇ ಅಕ್ಷರ, ತಲೆಕಟ್ಟು ಇಲ್ಲದ್ದು. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲ ಅಕ್ಷರದ ರೂಪವಿಲ್ಲ, ಇವನ್ನು ಬೇರೆಯಾಗಿಯೇ ಕಲಿಸಬೇಕು. ಹತ್ತು, ಅನ್ನ, ಅಮ್ಮ, ಬೆಲ್ಲದಂಥ ಸಜಾತೀಯ ಒತ್ತುಗಳು ಮೊದಲು. ಪುಸ್ತಕ, ಚಕ್ರ, ವಿದ್ಯೆ ಆಮೇಲೆ. 'ಅತ್ತೆ' 'ಅತೆ' ಆದರೆ 'ಅತ್' ಎಂದು ನಿಲ್ಲಿಸಿ, ಅಂಗೈ ತಟ್ಟಿ, 'ತೆ' ಹೇಳಿಸಿ. ಅರ್ಕಾವತ್ತು ಎಲ್ಲಕ್ಕೂ ಕೊನೆಗೆ. 'ಸೂರ್ಯ'ದಲ್ಲಿ ಅರ್ಕಾವತ್ತು ಬರೆಯುವುದು 'ಯ' ಆದ ಮೇಲೆ, ಉಚ್ಚರಿಸುವುದು 'ಯ'ಕ್ಕೆ ಮೊದಲು, ಮಗುವಿಗೆ ಇದು ನಿಜಕ್ಕೂ ಕಷ್ಟ. 'ಹಾಲು' ಅನ್ನು 'ಆಲು' ಎಂದು ಬರೆದರೆ ಗದರಬೇಡಿ, ನಮ್ಮ ಕಡೆ ಮನೆಯಲ್ಲಿ ಕೇಳಿದ್ದೇ ಹಾಗೆ. ಮಾತು ಹಾಗೇ ಇರಲಿ, ಬರೆಯುವಾಗ 'ಹ' ಬರುತ್ತದೆ ಎಂದು ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.

ಓದಿದ್ದು ತಲೆಗೆ ಹೋಯಿತೇ ಎಂದು ನೋಡಲು ಹೀಗೆ ಎರಡು ಸಾಲು ಸಾಕು: 'ಗೌರಿ ಕೊಡೆ ಮರೆತು ಶಾಲೆಗೆ ಹೋದಳು. ಸಂಜೆ ಮನೆಗೆ ಬಂದಾಗ ಅವಳ ಚೀಲವೆಲ್ಲ ಒದ್ದೆಯಾಗಿತ್ತು.' ಗೌರಿ ಏನು ಮರೆತಳು ಎಂದರೆ ಯಾವ ಮಗುವೂ ಹೇಳುತ್ತದೆ. ಚೀಲ ಏಕೆ ಒದ್ದೆಯಾಯಿತು ಎಂದು ಕೇಳಿ. ಮಳೆ ಎನ್ನುವ ಪದ ಎಲ್ಲೂ ಇಲ್ಲ. 'ಮಳೆ ಬಂದಿತ್ತು ತಾತ' ಎಂದಳೋ, ಅವಳು ಓದಿದ್ದಾಳೆ. ಸಾಲಿನಲ್ಲಿ ಹುಡುಕಿ 'ಬರೆದಿಲ್ಲ' ಎಂದಳೋ, ಅಕ್ಷರ ಮಾತ್ರ ಓದಿದ್ದಾಳೆ. ದಿನಕ್ಕೊಂದು ಇಂಥ ಪ್ರಶ್ನೆ ಐದು ಪುಟ ಕಾಪಿ ಬರೆಸುವುದಕ್ಕಿಂತ ಮೇಲು.

ಮಗ್ಗಿ ಬೇಕು, ನಿಮ್ಮ ಮಾತು ನಿಜ. ಆದರೆ ಈಗ ಹತ್ತರವರೆಗೆ ಸಾಕು, ಮೊದಲು ತೋಟದಲ್ಲಿ ನೋಡಲಿ: ನಾಲ್ಕು ಸಾಲು, ಸಾಲಿಗೆ ಏಳು ಸಸಿ. ಆ ಕಡೆಯಿಂದ ನೋಡಿದರೆ ಏಳು ಸಾಲು, ಸಾಲಿಗೆ ನಾಲ್ಕು. ಇದು ಹೊಳೆದ ಮಗುವಿಗೆ ಹತ್ತು ಮಗ್ಗಿಯ 100 ಲೆಕ್ಕ 55ಕ್ಕೆ ಇಳಿಯುತ್ತದೆ. ಒಂದು, ಎರಡು, ಐದು, ಹತ್ತರ ಮಗ್ಗಿ ಸುಲಭವಾಗಿ ಬರುತ್ತವೆ, ಅವನ್ನು ತೆಗೆದರೆ ಗಟ್ಟಿ ಮಾಡಬೇಕಾದ್ದು 21 ಮಾತ್ರ. ವಾರಕ್ಕೆ ಮೂರರಂತೆ ಹಿಡಿದರೂ ಎರಡು ತಿಂಗಳೊಳಗೆ ಮುಗಿಯುತ್ತದೆ. ಒಪ್ಪಿಸಿದ ಮೇಲೆ ನಡುವಿನಿಂದ ಕೇಳಿ. ಏಳೆಂಟ್ಲ ಎಷ್ಟು ಎಂದಾಗ 'ಏಳೊಂದ್ಲ ಏಳು' ಇಂದ ಶುರು ಮಾಡಿದರೆ ರಾಗ ಬಂದಿದೆ, ಲೆಕ್ಕ ಬಂದಿಲ್ಲ. ಪಕ್ಕದ ಮನೆಯ ಹುಡುಗನಿಗೂ ಹೀಗೇ ಕೇಳಿ ನೋಡಬಹುದು, ಅವನನ್ನು ಸೋಲಿಸಲು ಅಲ್ಲ, ಅವನಿಗೂ ಉಪಯೋಗವಾಗುತ್ತದೆ.

ಪರಿಸರ ಅಧ್ಯಯನದ ಬಗ್ಗೆ ನೀವು ಕೇಳಿಲ್ಲ. ಮನೆಯಿಂದ ಶಾಲೆಗೆ ದಾರಿಯ ನಕ್ಷೆ ಬರೆಸಿ, ನಾಲೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಗುರುತು ಮಾಡಿಸಿ, ಸದ್ಯಕ್ಕೆ ಅಷ್ಟು ಸಾಕು.

ದಿನಕ್ಕೆ ಅರ್ಧ ಗಂಟೆ ಮೀರಬೇಡಿ: ಹತ್ತು ನಿಮಿಷ ಓದು, ಹದಿನೈದು ನಿಮಿಷ ಕಡ್ಡಿ ಅಥವಾ ಮಗ್ಗಿ, ಉಳಿದದ್ದರಲ್ಲಿ ಅಂದು ಕಂಡದ್ದರ ಬಗ್ಗೆ ಅವಳದೇ ಮೂರು ವಾಕ್ಯ. ಬೋರ್ಡಿನಿಂದ ಬರೆದುಕೊಂಡದ್ದರಲ್ಲೇ ತಪ್ಪು ಹೆಚ್ಚಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಅವಳು ಮಾಡಿದ ತಪ್ಪು ಲೆಕ್ಕಗಳನ್ನು ಅಳಿಸದೆ ಒಂದು ಹಾಳೆಯಲ್ಲಿ ಇಟ್ಟುಕೊಳ್ಳಿ. ತಿಂಗಳಾದ ಮೇಲೂ 52ರಲ್ಲಿ 27 ಹೋದರೆ 35 ಎಂದೇ ಬರುತ್ತಿದ್ದರೆ ಆ ಹಾಳೆಯನ್ನು ಟೀಚರ್ ಕೈಗೆ ಕೊಟ್ಟು, ಇವಳನ್ನು ಒಂದು ವಾರ ನಿಮ್ಮ ತಟ್ಟೆಯಲ್ಲೇ ಕೂರಿಸಿಕೊಳ್ಳಿ ಎಂದು ಕೇಳಿ.

— ಸಂಪಾದಕ