ಉತ್ತರ ಉಗಾಂಡಾದ ಅನಾಥ ಹುಡುಗಿಯ ಓದಿಗೆ ನೆರವು: ಅನಾಥಾಲಯಕ್ಕೆ ಕೊಡಲೇ, ನಾನೇ ಶುಲ್ಕ ಕಟ್ಟಲೇ?

ಹೀಗೆಂದು ಕೇಳಿ ನೀವು ಬರೆದಿದ್ದೀರಿ. ಎರಡನೆಯದನ್ನು, ಅಂದರೆ ನಾನೇ ಶುಲ್ಕ ಕಟ್ಟುವುದನ್ನು, ಮಾಡಿದವನು ನಾನು. ಒಬ್ಬ ಹುಡುಗಿಯನ್ನು ಆರಿಸಿಕೊಂಡು, ಒಳ್ಳೆಯ ಬೋರ್ಡಿಂಗ್ ಶಾಲೆಗೆ ಸೇರಿಸಿ, ಶಾಲೆಯ ಖಾತೆಗೇ ಶುಲ್ಕ ಕಟ್ಟಿದರೆ ಹಣ ಪೋಲಾಗುವುದಿಲ್ಲ ಎಂದು ಬರೆದಿದ್ದೀರಲ್ಲ, ನನ್ನ ಲೆಕ್ಕಾಚಾರವೂ ಅದೇ ಆಗಿತ್ತು. ಹಣವೇನೋ ಪೋಲಾಗಲಿಲ್ಲ.

ಕಟ್ಟಡ ಸಾಮಗ್ರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಉತ್ತರ ಉಗಾಂಡಾದ ಗುಲು ಪಟ್ಟಣಕ್ಕೆ ಹೋಗಿದ್ದೆ. 2006ರಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ಆದ ಕದನವಿರಾಮದ ನಂತರ ನಿರಾಶ್ರಿತರ ಶಿಬಿರಗಳು ನಿಧಾನವಾಗಿ ಖಾಲಿಯಾಗುತ್ತಿದ್ದ ಕಾಲ ಅದು. ಯುದ್ಧದ ವರ್ಷಗಳಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಹೊತ್ತೊಯ್ದೀತು ಎಂಬ ಭಯಕ್ಕೆ ಸುತ್ತಲಿನ ಹಳ್ಳಿಗಳ ಮಕ್ಕಳು ಸಂಜೆಯಾದೊಡನೆ ನಡೆದು ಬಂದು ಪಟ್ಟಣದಲ್ಲಿ ಮಲಗುತ್ತಿದ್ದರು. ಅದರ ನಡುವೆಯೇ 2000ದಲ್ಲಿ ಎಬೋಲಾ ಬಂತು. ಗುಲು ಬಳಿಯ ಲಾಚೋರ್‌ನ ಸೇಂಟ್ ಮೇರಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಮ್ಯಾಥ್ಯೂ ಲುಕ್ವಿಯಾ ಅವರೇ ರೋಗಿಗಳ ಆರೈಕೆ ಮಾಡುತ್ತ ಸೋಂಕು ತಗಲಿ ತೀರಿಕೊಂಡರು. ಏಡ್ಸ್ ಇದೆಲ್ಲಕ್ಕಿಂತ ಮೊದಲೇ ಮನೆಮನೆ ಹೊಕ್ಕಿತ್ತು. ಯುದ್ಧದಿಂದ ಅನಾಥಳಾದವಳಿಗೆ ಮೊದಲೋ, ರೋಗದಿಂದ ಅನಾಥಳಾದವಳಿಗೆ ಮೊದಲೋ ಎಂದು ಕೇಳಿದ್ದೀರಿ. ನನಗೆ ಪರಿಚಯವಾದ ಹುಡುಗಿಯ ತಂದೆ ಯುದ್ಧದಲ್ಲಿ ಹೋದ, ತಾಯಿ ಏಡ್ಸ್‌ನಿಂದ. ಅವಳನ್ನು ನಿಮ್ಮ ಯಾವ ಪಟ್ಟಿಗೆ ಸೇರಿಸುತ್ತೀರಿ?

ಅಜ್ಜಿಯ ಮನೆಯಲ್ಲಿ ಚಿಕ್ಕಪ್ಪ, ಅತ್ತೆಯರ ಮಕ್ಕಳೊಂದಿಗೆ ಬೆಳೆಯುತ್ತಿದ್ದಳು. ಬುದ್ಧಿವಂತೆ. ನರ್ಸ್ ಆಗಬೇಕೆಂಬ ಆಸೆ. ಖಾಸಗಿ ಬೋರ್ಡಿಂಗ್ ಶಾಲೆಗೆ ಸೇರಿಸಿದೆ. ವರ್ಷಕ್ಕೆ ಮೂರು ಟರ್ಮ್. ಪ್ರತಿ ಟರ್ಮಿನ ಆರಂಭದಲ್ಲಿ ಬ್ಯಾಂಕಿಗೆ ಹೋಗಿ ಹಣ ಕಟ್ಟುತ್ತಿದ್ದೆ, ಸ್ಲಿಪ್ ಜೋಪಾನ ಮಾಡುತ್ತಿದ್ದೆ. ಕೇಳಿಕೆ ಎಂದಿಗೂ ಮುಗಿಯುವುದಿಲ್ಲ ಎಂದು ಅಂಗಡಿಯವರು ಎಚ್ಚರಿಸಿದ್ದರಿಂದ ಮೊದಲ ದಿನವೇ ಆ ಹುಡುಗಿಗೂ ಅಜ್ಜಿಗೂ ಹೇಳಿಬಿಟ್ಟಿದ್ದೆ: ಶುಲ್ಕ ನನ್ನದು, ಅದರಾಚೆಗೆ ಏನನ್ನೂ ಕೇಳಬೇಡಿ.

ಆ ಒಂದು ಮಾತು ಏನು ಮಾಡಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಹೇಳಲು ಹೊರಟಿರುವುದು ಅದನ್ನೇ. ಉಗಾಂಡಾದಲ್ಲಿ ಪ್ರಾಥಮಿಕದ ಏಳು ವರ್ಷಗಳ ಮೇಲೆ ಪ್ರೌಢಶಾಲೆಯ ನಾಲ್ಕು ವರ್ಷ. ಕೊನೆಯದಾದ ಸೀನಿಯರ್ ಫೋರ್‌ನಲ್ಲಿ, ನಮ್ಮ ಎಸ್ಸೆಸ್ಸೆಲ್ಸಿಯಂತೆ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪರೀಕ್ಷೆ. ಪರೀಕ್ಷೆ ನಡೆಯುವುದು ವರ್ಷದ ಕೊನೆಯಲ್ಲಿ, ಹೆಸರು ನೋಂದಾಯಿಸುವುದು ತಿಂಗಳುಗಟ್ಟಲೆ ಮೊದಲು. ಸರ್ಕಾರದ ಉಚಿತ ಪ್ರೌಢಶಿಕ್ಷಣ ಯೋಜನೆಯಲ್ಲಿರುವ ಮಕ್ಕಳ ನೋಂದಣಿ ಹಣವನ್ನು ಸರ್ಕಾರ ಭರಿಸುತ್ತದೆ. ಖಾಸಗಿ ಶಾಲೆಯಲ್ಲಿ ಅದನ್ನು ಮನೆಯವರೇ ಕೊಡಬೇಕು, ಟರ್ಮ್ ಶುಲ್ಕದ ಹೊರಗೆ, ಬೇರೆಯಾಗಿ. ಶಾಲೆ ಚೀಟಿ ಕೊಟ್ಟಿತ್ತು. ಅಜ್ಜಿಗೆ ಓದು ಬರದು. ಹುಡುಗಿ ಓದಿದಳು, ಮಡಿಸಿಟ್ಟಳು. ಕೇಳಿದರೆ ನಾನು ಕೋಪಗೊಂಡು ಶುಲ್ಕವನ್ನೂ ನಿಲ್ಲಿಸಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ. ರಜೆಯಲ್ಲಿ ಯಾರದೋ ಹೊಲದಲ್ಲಿ ಕಳೆ ಕಿತ್ತು ಆ ಹಣ ಹೊಂದಿಸಲು ನೋಡಿದ್ದಳಂತೆ. ಸಾಲಲಿಲ್ಲ. ಗಡುವು ಮುಗಿಯಿತು.

ನನಗೆ ಗೊತ್ತಾದಾಗ ಸ್ಲಿಪ್‌ಗಳ ಕಟ್ಟು ಹಿಡಿದು ಶಾಲೆಗೆ ಹೋಗಿ ಜಗಳವಾಡಿದೆ. ಮುಖ್ಯೋಪಾಧ್ಯಾಯರು ಒಂದೊಂದನ್ನೂ ನೋಡಿದರು. ಎಲ್ಲವೂ ಸರಿಯಿತ್ತು, ಒಂದು ಶಿಲಿಂಗ್ ಬಾಕಿ ಇರಲಿಲ್ಲ. ಅಭ್ಯರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರು ಮಾತ್ರ ಇರಲಿಲ್ಲ.

ಪರೀಕ್ಷೆ ಬರೆಯದವಳು ಶಾಲೆಯಲ್ಲಿ ಏನು ಮಾಡಬೇಕು? ಮನೆಗೆ ಬಂದಳು. ಸುಮ್ಮನಿದ್ದಾಳಲ್ಲ ಎಂದು ಅತ್ತೆ ತಮ್ಮ ಮಕ್ಕಳನ್ನು ನೋಡಿಕೊಳ್ಳಲು ಪಟ್ಟಣಕ್ಕೆ ಕರೆದೊಯ್ದರು. ಮರುವರ್ಷ ಶಾಲೆ ತೆರೆಯುವ ಹೊತ್ತಿಗೆ ಅವಳು ಗರ್ಭಿಣಿ. ಕೂಸನ್ನು ಅಜ್ಜಿ ನೋಡಿಕೊಂಡರು, ಕೆಲವು ವರ್ಷಗಳ ನಂತರ ಪರೀಕ್ಷೆ ಬರೆದು ಪಾಸಾದಳು. ಈಗ ಹೊಲಿಗೆ ಕೆಲಸ ಮಾಡುತ್ತಾಳೆ. ನರ್ಸಿಂಗ್ ಆಗಲಿಲ್ಲ. ಅವಳ ಬದುಕನ್ನು ಸೋಲು ಎನ್ನಲು ನಾನು ಯಾರು? ಆದರೆ ಆ ದಾರಿಯನ್ನು ಅವಳು ಆರಿಸಿಕೊಂಡಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಅದನ್ನು ನೀವು ಕೇಳಿರುವ ರೀತಿಯೇ ನನಗೆ ಒಪ್ಪಿಗೆಯಿಲ್ಲ. ಅನಾಥಳು ಎಂದೊಡನೆ ಯಾರೂ ಇಲ್ಲದವಳು ಎಂದುಕೊಂಡಿದ್ದೀರಿ. ಯುನಿಸೆಫ್ ಲೆಕ್ಕದಲ್ಲಿ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥ ಮಗುವೇ. ಇಬ್ಬರನ್ನೂ ಕಳೆದುಕೊಂಡವರಿಗೂ ಸಾಮಾನ್ಯವಾಗಿ ಅಜ್ಜಿಯೋ ಚಿಕ್ಕಪ್ಪನೋ ಅಕ್ಕನೋ ಇರುತ್ತಾರೆ. ಅನಾಥಾಲಯದಲ್ಲಿ ಊಟವೂ ಓದೂ ಸಿಗುತ್ತದೆ, ಮನೆಯಲ್ಲಿ ಎರಡೂ ಇಲ್ಲ ಎಂದಾದರೆ ಆ ಅಜ್ಜಿ ಮಗುವನ್ನು ಅಲ್ಲಿಗೆ ಕಳುಹಿಸದೆ ಇನ್ನೇನು ಮಾಡುತ್ತಾಳೆ? ನೀವು ಅನಾಥಾಲಯದ ಮಂಚಕ್ಕೆ ಹಣ ಕೊಟ್ಟರೆ ಮಂಚ ತುಂಬುತ್ತದೆ. ಅದೇ ಹಣ ಅಜ್ಜಿಗೆ ತಲುಪಿದರೆ ಮಗು ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಅನಾಥಾಲಯ ಬೇಡ. ಒಂದು ಮನೆಯ ಮಕ್ಕಳಲ್ಲಿ ಒಬ್ಬಳನ್ನೇ ಆರಿಸುವುದೂ ಬೇಡ. ನನ್ನ ಹುಡುಗಿಗೆ ಹೊಸ ಬೂಟು ಬಂದ ದಿನ ಬರಿಗಾಲಲ್ಲಿದ್ದ ಮನೆಯ ಉಳಿದ ಮಕ್ಕಳ ಮುಖ ನೋಡಿದ್ದರೆ ನೀವೂ ಇದನ್ನೇ ಹೇಳುತ್ತಿದ್ದಿರಿ. ಆ ಅಸೂಯೆಯ ಬೆಲೆಯನ್ನು ಅವಳೇ ತೆತ್ತಳು, ನೀರು ಹೊರುವ ಪಾಳಿಯೆಲ್ಲ ಅವಳ ಪಾಲಿಗೇ ಬಂತು.

ದುಬಾರಿ ಬೋರ್ಡಿಂಗ್ ಬಿಡಿ. ನಡೆದು ಹೋಗುವಷ್ಟು ಹತ್ತಿರದಲ್ಲಿ, 2007ರಲ್ಲಿ ಶುರುವಾದ ಉಚಿತ ಪ್ರೌಢಶಿಕ್ಷಣದಡಿ ಬರುವ ಶಾಲೆ ಇದ್ದರೆ ಅಲ್ಲಿಗೆ ಸೇರಿಸಿ. ಉಚಿತ ಎಂದರೆ ಬೋಧನಾ ಶುಲ್ಕವಷ್ಟೇ ಉಚಿತ. ಸಮವಸ್ತ್ರ, ಮಧ್ಯಾಹ್ನದ ಊಟ, ಅಲ್ಲಿಯವರು ರಿಕ್ವೈರ್ಮೆಂಟ್ಸ್ ಎನ್ನುವ ಪಟ್ಟಿ, ಅಂದರೆ ಕಾಗದದ ರೀಮ್, ಪೊರಕೆ, ಟಾಯ್ಲೆಟ್ ಪೇಪರ್, ಕೆಲವೆಡೆ ಗುದ್ದಲಿ ಕೂಡ, ಇವೆಲ್ಲ ಮನೆಯವರ ತಲೆಗೆ. ಹುಡುಗಿಯರನ್ನು ಶಾಲೆ ಬಿಡಿಸುವುದು ಈ ಚಿಲ್ಲರೆ ಖರ್ಚುಗಳೇ. ಮುಟ್ಟಿನ ಪ್ಯಾಡ್‌ಗೆ ಹಣವಿಲ್ಲದೆ ತಿಂಗಳಿಗೆ ಕೆಲವು ದಿನ ತಪ್ಪಿಸಿಕೊಳ್ಳುವವಳು ನಿಮ್ಮ ಟರ್ಮ್ ಶುಲ್ಕದಿಂದ ಹಾಜರಾಗುವುದಿಲ್ಲ. ಒಗೆದು ಮತ್ತೆ ಬಳಸುವ ಪ್ಯಾಡ್‌ಗಳು ಉಗಾಂಡಾದಲ್ಲೇ ತಯಾರಾಗುತ್ತವೆ, ಅವನ್ನು ಕೊಡಿಸಿ. ಹುಟ್ಟಿನಿಂದಲೇ ಎಚ್ಐವಿ ಇರುವ ಹುಡುಗಿಯಾದರೆ ಮಾತ್ರೆ ಸರ್ಕಾರಿ ಚಿಕಿತ್ಸಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ತರಲು ಬಸ್ಸಿನ ಹಣ ಬೇಕು, ಶಾಲೆಯಲ್ಲಿ ವಿಷಯ ತಿಳಿದು ಬಾಯಿಬಿಡದ ಒಬ್ಬರು ಬೇಕು. ಎಲ್ಲರೂ ಒಟ್ಟಿಗೆ ಮಲಗುವ ಹಾಸ್ಟೆಲಿನಲ್ಲಿ ಮಾತ್ರೆ ಬಚ್ಚಿಟ್ಟು ನುಂಗುವುದು ಸುಲಭವಲ್ಲ.

ಅಲ್ಲಿನ ಶಾಲೆಗಳಲ್ಲಿ ಸೀನಿಯರ್ ವುಮನ್ ಟೀಚರ್ ಎಂಬ ಹೊಣೆ ಒಬ್ಬ ಶಿಕ್ಷಕಿಯ ಮೇಲಿರುತ್ತದೆ, ಹುಡುಗಿಯರ ಕ್ಷೇಮ ನೋಡಿಕೊಳ್ಳುವುದು ಅವರ ಕೆಲಸ. ಮುಖ್ಯೋಪಾಧ್ಯಾಯರಿಗಿಂತ ಮೊದಲು ಅವರ ಪರಿಚಯ ಮಾಡಿಕೊಳ್ಳಿ. ಪರೀಕ್ಷಾ ನೋಂದಣಿಯ ಗಡುವು ಯಾವಾಗ ಎಂದು ವರ್ಷದ ಮೊದಲ ತಿಂಗಳಲ್ಲೇ ಅವರನ್ನು ಕೇಳಿ, ಮುಂದಿನ ತಿಂಗಳು ಮತ್ತೆ ಕೇಳಿ. ಗರ್ಭಿಣಿಯಾದಳೆಂದು ನೆರವು ನಿಲ್ಲಿಸುವ ಷರತ್ತನ್ನು ಹಾಕಲೇಬೇಡಿ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಉಗಾಂಡಾದ ಶಾಲೆಗಳು ಪೂರ್ತಿಯಾಗಿ ತೆರೆದದ್ದು 2022ರ ಜನವರಿಯಲ್ಲಿ. ಆ ಅವಧಿಯಲ್ಲಿ ತಾಯಂದಿರಾದ ಎಷ್ಟೋ ಹುಡುಗಿಯರು ಶಾಲೆಗೆ ಮರಳಬಹುದು ಎಂದು ಸರ್ಕಾರವೇ ಹೇಳಿತು. ಕೂಸನ್ನು ಹಗಲು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಮಾತ್ರ ದುಡ್ಡು ಕೊಡುವವರು ಇರಲಿಲ್ಲ. ಅಂಥವಳೊಬ್ಬಳು ಸಿಕ್ಕರೆ ಅವಳಿಗೇ ಕೊಡಿ ಎಂಬುದು ನನ್ನ ಸಲಹೆ.

ತಿಂಗಳಿಗೊಂದು ಫೋಟೊ ಮತ್ತು ಕೃತಜ್ಞತೆಯ ಪತ್ರ ಕೇಳಬಹುದೇ ಎಂದೂ ಬರೆದಿದ್ದೀರಿ. ಕೇಳಬೇಡಿ. ಟರ್ಮ್ ಮುಗಿದಾಗ ಅಂಕಪಟ್ಟಿ ತರಿಸಿಕೊಳ್ಳಿ, ಅದರ ಜೊತೆಗೆ ಆ ಟರ್ಮಿನಲ್ಲಿ ಶುಲ್ಕದ ಹೊರಗೆ ಶಾಲೆ ಏನೇನು ಕೇಳಿತು ಎಂಬ ಚೀಟಿಗಳನ್ನೂ.